ಹವಳದ ತೊಟ್ಟಿಗೆ ಯಂತ್ರದ ಕಾವಲು

ಮನೆಯ ಹಾಲ್‌ನಲ್ಲಿ ಒಂದು ಅಕ್ವೇರಿಯಂ ಇದ್ದರೆ ಮಕ್ಕಳಿಗೆ ಹಬ್ಬ. ಬಂದ ನೆಂಟರೂ ಮೊದಲು ಅದರ ಮುಂದೆಯೇ ನಿಲ್ಲುತ್ತಾರೆ. ಸಿಹಿನೀರಿನ ಗೋಲ್ಡ್ ಫಿಶ್ ನಮಗೆಲ್ಲ ಪರಿಚಿತ. ಆದರೆ ದುಬೈ, ಶಾರ್ಜಾ, ಜಿದ್ದಾ, ಕುವೈತ್ ಮುಂತಾದ ಕಡೆ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳಿಗೆ ಇನ್ನೊಂದು ಬಗೆಯ ಅಕ್ವೇರಿಯಂ ಕೂಡಾ ಕಣ್ಣಿಗೆ ಬೀಳುತ್ತದೆ. ಅದು ಉಪ್ಪುನೀರಿನದು. ಅದರೊಳಗೆ ಮೀನುಗಳಿಗಿಂತ ಹೆಚ್ಚಾಗಿ ಕಣ್ಸೆಳೆಯುವುದು ಜೀವಂತ ಹವಳಗಳು. ನೇರಳೆ, ಹಸಿರು, ಕಿತ್ತಳೆ ಬಣ್ಣಗಳಲ್ಲಿ ಹೂವಿನಂತೆ ಅರಳಿ ನಿಲ್ಲುವ ಅವುಗಳನ್ನು ನೋಡಿದವರಿಗೆ ಮನೆಗೂ ಒಂದು ತರೋಣ ಎನಿಸುವುದು ಸಹಜ.

ಈ ಆಸೆ ಕೆಲವು ಮನೆಗಳಲ್ಲಿ ಪತಿಯದ್ದು, ಕೆಲವು ಮನೆಗಳಲ್ಲಿ ಮಗನದ್ದು. ಅವರು ಕೆಲಸಕ್ಕೆ, ಕಾಲೇಜಿಗೆ ಹೋದ ಮೇಲೆ ದಿನವಿಡೀ ಅದರ ಜೊತೆ ಮನೆಯಲ್ಲಿರುವವರು ಮಾತ್ರ ನೀವು. ನೀರು ನೆಲಕ್ಕೆ ಸುರಿದರೂ, ಮೋಟಾರು ನಿಂತರೂ, ಮೀನು ಬಾಯಿ ಬಿಟ್ಟು ಮೇಲೆ ಬಂದರೂ ಮೊದಲು ನೋಡುವವರು ನೀವೇ. ಹವ್ಯಾಸ ನಿಮ್ಮದೇ ಆಗಿದ್ದರಂತೂ ಹೇಳುವುದೇ ಬೇಡ. ಇಂಥ ತೊಟ್ಟಿಯನ್ನು ನೋಡಿಕೊಳ್ಳಲು ಈಗ ಬಗೆಬಗೆಯ ಸ್ವಯಂಚಾಲಿತ ಯಂತ್ರಗಳು ಬಂದಿವೆ. ನೀರಿನ ಉಷ್ಣತೆ ಅಳೆಯುವ, ಬೇಕಾದ ಔಷಧವನ್ನು ಹನಿಹನಿಯಾಗಿ ಹಾಕುವ, ಏನಾದರೂ ಏರುಪೇರಾದರೆ ಮೊಬೈಲಿಗೆ ಸಂದೇಶ ಕಳಿಸುವ ಯಂತ್ರಗಳು ಅವು. “ಇದನ್ನು ಹಾಕಿದರೆ ಸಾಕು, ನೀವು ಏನೂ ನೋಡಬೇಕಾಗಿಲ್ಲ” ಎಂದು ಅಂಗಡಿಯವರು ಹೇಳುವುದುಂಟು. ಈ ಮಾತು ಎಷ್ಟು ನಿಜ? ಹಣ ಕೊಡುವ ಮುನ್ನ ಏನನ್ನು ಯೋಚಿಸಬೇಕು? ಬನ್ನಿ, ಒಂದೊಂದಾಗಿ ನೋಡೋಣ.

ಹವಳ ಕಲ್ಲಲ್ಲ, ಜೀವಿ

ಉಂಗುರದಲ್ಲಿ ಕೂರಿಸುವ ಹವಳವನ್ನು ನೋಡಿ ಅಭ್ಯಾಸವಾದ ನಮಗೆ ಹವಳವೆಂದರೆ ಕಲ್ಲು. ಕೆಲವರು ಗಿಡವೆಂದೂ ತಿಳಿಯುತ್ತಾರೆ. ನಿಜವಾಗಿ ಹವಳ ಒಂದು ಪ್ರಾಣಿ. ಪಾಲಿಪ್ ಎಂಬ ಪುಟ್ಟ ಪುಟ್ಟ ಜೀವಿಗಳು ಸಾವಿರಾರು ಸಂಖ್ಯೆಯಲ್ಲಿ ಒಟ್ಟಾಗಿ ಬಾಳುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿರುತ್ತವೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುತ್ತದೆ, ಹವಳ ಪಾಚಿಗೆ ಆಶ್ರಯ ಕೊಡುತ್ತದೆ. ನೀರು ಬಿಸಿಯಾದಾಗ ಈ ನಂಟು ಕಡಿದುಹೋಗುತ್ತದೆ. ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಬೇಗ ಚೇತರಿಸಿಕೊಳ್ಳದಿದ್ದರೆ ಸಾಯುತ್ತದೆ.

ಗಟ್ಟಿ ಹವಳಗಳು ತಮ್ಮ ಅಸ್ಥಿಪಂಜರವನ್ನು ಕ್ಯಾಲ್ಸಿಯಂ ಕಾರ್ಬೋನೇಟ್‌ನಿಂದ ಕಟ್ಟಿಕೊಳ್ಳುತ್ತವೆ. ಸುಣ್ಣದ ಕಲ್ಲು, ಮೊಟ್ಟೆಯ ಚಿಪ್ಪು ಇವೆಲ್ಲ ಅದೇ ವಸ್ತುವಿನಿಂದ ಆದವು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಹವಳ ನೀರಿನಿಂದಲೇ ಹೀರಿಕೊಳ್ಳುತ್ತದೆ. ಒಂದು, ಕ್ಯಾಲ್ಸಿಯಂ. ಇನ್ನೊಂದು, ಹವ್ಯಾಸಿಗಳು ಆಲ್ಕಲಿನಿಟಿ ಎಂದು ಕರೆಯುವ, ನೀರಿನಲ್ಲಿ ಕರಗಿರುವ ಬೈಕಾರ್ಬೋನೇಟ್ ಅಂಶ. ಸಮುದ್ರದಲ್ಲಿ ಇವೆರಡಕ್ಕೂ ಬರವಿಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವುದು ಮಾತ್ರ ಅಳತೆಯ ನೀರು. ಹವಳ ಬೆಳೆದಂತೆಲ್ಲ ಆ ನೀರಿನ ಸಾಮಗ್ರಿ ಮುಗಿಯುತ್ತಾ ಬರುತ್ತದೆ. ಮುಗಿದದ್ದನ್ನು ನಾವು ತುಂಬಿಸಬೇಕು. ಹವ್ಯಾಸಿಗಳು ಡೋಸಿಂಗ್ ಎನ್ನುವುದು ಇದಕ್ಕೇ.

ಮೊದಲು ಕೈಯಿಂದ ಅಳೆಯಿರಿ

ನೈಸರ್ಗಿಕ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಕ್ಯಾಲ್ಸಿಯಂ ಲೀಟರಿಗೆ ಸುಮಾರು 420 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1300 ಮಿಲಿಗ್ರಾಂ. ಆಲ್ಕಲಿನಿಟಿಯನ್ನು ಡಿಕೆಎಚ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಮುದ್ರದಲ್ಲಿ ಅದು 7ರ ಆಸುಪಾಸು. ಮನೆಯ ತೊಟ್ಟಿಯಲ್ಲಿ 7ರಿಂದ 9ರ ನಡುವೆ ಇಟ್ಟುಕೊಳ್ಳುತ್ತಾರೆ. ಅದು ಯಾವ ಅಂಕೆಯಲ್ಲಿದೆ ಎಂಬುದಕ್ಕಿಂತ ದಿನದಿಂದ ದಿನಕ್ಕೆ ಏರಿಳಿಯದೆ ಇರುವುದು ಮುಖ್ಯ.

ಯಂತ್ರ ಕೊಳ್ಳುವ ಮುನ್ನ ನಿಮ್ಮ ಹವಳ ದಿನಕ್ಕೆ ಎಷ್ಟು ‘ಉಣ್ಣುತ್ತದೆ’ ಎಂಬುದು ನಿಮಗೆ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಯಂತ್ರಕ್ಕೆ ಏನೆಂದು ಹೇಳುತ್ತೀರಿ? ಅಂಗಡಿಗಳಲ್ಲಿ ಸಿಗುವ ಪರೀಕ್ಷಾ ಕಿಟ್‌ನಲ್ಲಿ ಒಂದಿಷ್ಟು ನೀರು ತೆಗೆದುಕೊಂಡು ದ್ರಾವಣವನ್ನು ಹನಿಹನಿಯಾಗಿ ಹಾಕುತ್ತಾ ಹೋದರೆ ಬಣ್ಣ ಬದಲಾಗುತ್ತದೆ. ಎಷ್ಟು ದ್ರಾವಣ ಬೇಕಾಯಿತು ಎಂಬುದರಿಂದ ಲೆಕ್ಕ ಸಿಗುತ್ತದೆ. ಐದು ನಿಮಿಷದ ಕೆಲಸ. ಆದರೆ ಪ್ರತಿದಿನ ಒಂದೇ ಹೊತ್ತಿಗೆ ಮಾಡಬೇಕು. ಏಕೆಂದರೆ ಬೆಳಕಿರುವಾಗ ಮತ್ತು ಕತ್ತಲಲ್ಲಿ ನೀರಿನ ಗುಣ ಬೇರೆ ಬೇರೆಯಾಗಿರುತ್ತದೆ. ಅಸರ್ ನಮಾಝ್ ಆದ ಮೇಲೆ ಎಂದು ಗೊತ್ತುಮಾಡಿಕೊಂಡರೆ ರಮಝಾನ್‌ನಲ್ಲಿ ಮನೆಯ ಊಟ, ನಿದ್ದೆಯ ವೇಳೆ ಬದಲಾದರೂ ಈ ಹೊತ್ತು ತಪ್ಪುವುದಿಲ್ಲ.

ಒಂದು ಉದಾಹರಣೆ ನೋಡಿ. ಭಾನುವಾರ ಸಂಜೆ ಅಳೆದಾಗ ಆಲ್ಕಲಿನಿಟಿ 9 ಇತ್ತು. ಏನನ್ನೂ ಸೇರಿಸದೆ, ನೀರನ್ನೂ ಬದಲಿಸದೆ ಗುರುವಾರ ಸಂಜೆ ಅಳೆದಾಗ 7 ಆಗಿತ್ತು ಎಂದಿಟ್ಟುಕೊಳ್ಳಿ. ನಾಲ್ಕು ದಿನಗಳಲ್ಲಿ 2 ಇಳಿದಿದೆ. ಅಂದರೆ ದಿನಕ್ಕೆ ಅರ್ಧ ಡಿಕೆಎಚ್. ಒಂದು ನೋಟ್‌ಪುಸ್ತಕದಲ್ಲಿ ತಾರೀಕು ಸಹಿತ ಇದನ್ನು ಬರೆದಿಡಿ. ಹಾಲಿನ ಲೆಕ್ಕ ಬರೆದಿಡುವ ಗೃಹಿಣಿಗೆ ಇದೇನೂ ಹೊಸ ವಿದ್ಯೆಯಲ್ಲ.

ಹೀಗೆ ಅಳೆದು ನೋಡಿದರೆ ಯಂತ್ರದ ಅಗತ್ಯವೇ ಇಲ್ಲವೆಂದು ತಿಳಿಯಲೂಬಹುದು. ಗಟ್ಟಿ ಅಸ್ಥಿಪಂಜರವಿಲ್ಲದ ಮೆದು ಹವಳಗಳೇ ತೊಟ್ಟಿಯಲ್ಲಿದ್ದರೆ ಅವು ಉಪಯೋಗಿಸುವುದು ತೀರಾ ಕಡಿಮೆ. ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ತೆಗೆದು ಹೊಸ ಉಪ್ಪುನೀರು ಹಾಕಿದರೆ ಅಷ್ಟರಿಂದಲೇ ಕೊರತೆ ತುಂಬುತ್ತದೆ. ಆಕ್ರೊಪೊರಾದಂತಹ, ಬೇಗ ಬೆಳೆಯುವ ಗಟ್ಟಿ ಹವಳಗಳು ತುಂಬಿದ ತೊಟ್ಟಿಗಷ್ಟೇ ದಿನನಿತ್ಯದ ಡೋಸಿಂಗ್ ಬೇಕಾಗುತ್ತದೆ.

ಲೆಕ್ಕ ಅಡುಗೆಮನೆಯದ್ದೇ

ಆಲ್ಕಲಿನಿಟಿ ಏರಿಸಲು ಹವ್ಯಾಸಿಗಳು ಉಪಯೋಗಿಸುವ ವಸ್ತು ಯಾವುದು ಗೊತ್ತೇ? ನಮ್ಮ ಅಡುಗೆ ಸೋಡಾ, ಅಂದರೆ ಶುದ್ಧ ಸೋಡಿಯಂ ಬೈಕಾರ್ಬೋನೇಟ್. ಕೇಕಿಗೆ ಹಾಕುವ ಬೇಕಿಂಗ್ ಪೌಡರ್ ಅಲ್ಲ. ಅದರಲ್ಲಿ ಹುಳಿ ಅಂಶವೂ ಪಿಷ್ಟವೂ ಬೆರೆತಿರುತ್ತವೆ. ಈ ವ್ಯತ್ಯಾಸವನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಕ್ಯಾಲ್ಸಿಯಂಗಾಗಿ ಉಪಯೋಗಿಸುವುದು ಕ್ಯಾಲ್ಸಿಯಂ ಕ್ಲೋರೈಡ್.

ನೂರು ಲೀಟರ್ ನೀರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಸಾಕು. ನಮ್ಮ ಉದಾಹರಣೆಯ ತೊಟ್ಟಿಯಲ್ಲಿ ನಿಜವಾಗಿ ಇರುವ ನೀರು 200 ಲೀಟರ್ ಎಂದಿಟ್ಟುಕೊಳ್ಳೋಣ. ಕಲ್ಲು, ಮರಳು ಆಕ್ರಮಿಸಿದ ಜಾಗವನ್ನು ಕಳೆದು ಲೆಕ್ಕ ಹಾಕಬೇಕು. ದಿನಕ್ಕೆ ಅರ್ಧ ಡಿಕೆಎಚ್ ಖರ್ಚಾಗುತ್ತಿದ್ದರೆ ದಿನಕ್ಕೆ 3 ಗ್ರಾಂ ಸೋಡಾ ಬೇಕು. ಸೋಡಾ ಖರ್ಚಾದಷ್ಟಕ್ಕೆ ಸರಿಯಾಗಿ ಕ್ಯಾಲ್ಸಿಯಂ ಕೂಡಾ ಖರ್ಚಾಗುತ್ತದೆ. ಪ್ರತಿ 1 ಡಿಕೆಎಚ್‌ಗೆ ಲೀಟರಿಗೆ ಸುಮಾರು 7 ಮಿಲಿಗ್ರಾಂ. ಆ ಲೆಕ್ಕದಂತೆ ದಿನಕ್ಕೆ ಸುಮಾರು 2.6 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಡಬ್ಬದ ಮೇಲೆ ಡೈಹೈಡ್ರೇಟ್ ಎಂದು ಬರೆದಿರುವುದು.

ಒಂದು ಲೀಟರ್ ಶುದ್ಧ ನೀರಿನಲ್ಲಿ 60 ಗ್ರಾಂ ಸೋಡಾ ಕರಗಿಸಿದರೆ ದಿನದ ಪಾಲು 50 ಮಿಲಿಲೀಟರ್. ಇನ್ನೊಂದು ಬಾಟಲಿಯಲ್ಲಿ ಒಂದು ಲೀಟರಿಗೆ 52 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿದರೆ ಅದರದ್ದೂ 50 ಮಿಲಿಲೀಟರ್. ಇವೆರಡನ್ನೂ ಯಾವ ಕಾರಣಕ್ಕೂ ಒಂದೇ ಪಾತ್ರೆಯಲ್ಲಿ ಬೆರೆಸಬಾರದು. ಬೆರೆಸಿದರೆ ಅಲ್ಲೇ ಸುಣ್ಣದಂತೆ ಬೆಳ್ಳಗೆ ಗಟ್ಟಿಯಾಗಿ ತಳ ಸೇರುತ್ತದೆ. ತೊಟ್ಟಿಗೆ ಹಾಕುವಾಗಲೂ ಬೇರೆ ಬೇರೆ ಹೊತ್ತಿನಲ್ಲಿ, ನೀರು ಚೆನ್ನಾಗಿ ಹರಿಯುವ ಕಡೆ ಹಾಕಬೇಕು. ಒಂದೇ ದಿನದಲ್ಲಿ ಆಲ್ಕಲಿನಿಟಿಯನ್ನು 1 ಡಿಕೆಎಚ್‌ಗಿಂತ ಹೆಚ್ಚು ಏರಿಸದಿರುವುದು ಒಳ್ಳೆಯದು. ಮೆಗ್ನೀಸಿಯಂ ಖರ್ಚಾಗುವುದು ಬಹಳ ನಿಧಾನ. ಅದಕ್ಕೆ ಯಂತ್ರ ಬೇಡ, ತಿಂಗಳಿಗೊಮ್ಮೆ ಅಳೆದು ಕೈಯಿಂದಲೇ ಹಾಕಿದರೆ ಸಾಕು.

ಹನಿಹನಿಯಾಗಿ ಹಾಕುವ ಪಂಪು

ಐವತ್ತು ಮಿಲಿಲೀಟರನ್ನು ಒಮ್ಮೆಗೇ ಸುರಿಯುವುದಕ್ಕಿಂತ ದಿನಕ್ಕೆ 24 ಬಾರಿ ಎರಡೆರಡು ಮಿಲಿಲೀಟರ್‌ನಂತೆ ಹಾಕಿದರೆ ನೀರಿನಲ್ಲಿ ಏರಿಳಿತವೇ ಇರುವುದಿಲ್ಲ. ಯಂತ್ರದ ನಿಜವಾದ ಉಪಕಾರ ಇಲ್ಲಿದೆ. ಗಂಟೆಗೊಮ್ಮೆ ಎದ್ದು ಹನಿ ಹಾಕಲು ಯಾರಿಂದಲೂ ಆಗದು.

ಡೋಸಿಂಗ್ ಪಂಪಿನ ಒಳಗೆ ಒಂದು ಮೆದು ಕೊಳವೆ ಇರುತ್ತದೆ. ತಿರುಗುವ ಉರುಳೆಗಳು ಅದನ್ನು ಒತ್ತುತ್ತಾ ದ್ರವವನ್ನು ಮುಂದಕ್ಕೆ ತಳ್ಳುತ್ತವೆ. ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಯಂತ್ರದಲ್ಲಿ ರಕ್ತವನ್ನು ಸಾಗಿಸುವ ಪಂಪಿನ ವಿಧಾನವೂ ಇದೇ. ಒತ್ತಿ ಒತ್ತಿ ಕೊಳವೆ ಸವೆಯುತ್ತದೆ. ಸವೆದಂತೆಲ್ಲ ಎರಡು ಮಿಲಿಲೀಟರ್ ಎಂದು ಹೇಳಿದರೂ ಅಷ್ಟು ಬರುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಅಳತೆಯ ಕೊಳವೆಗೆ ಸುರಿಸಿ ಸರಿಯಿದೆಯೇ ಎಂದು ನೋಡಬೇಕು. ಮಗುವಿನ ಔಷಧ ಕುಡಿಸುವ ಸಿರಿಂಜ್ ಇದ್ದರೂ ಸಾಕು. ಪಂಪಿನ ಕೊಳವೆಯ ತುದಿ ನೀರಿನ ಮಟ್ಟದಿಂದ ಮೇಲಿರಲಿ. ಮುಳುಗಿದ್ದರೆ ತೊಟ್ಟಿಯ ನೀರು ಹಿಂದಕ್ಕೆ ಹರಿದು ಬಾಟಲಿಗೆ ಬರುವ ಸಂಭವವಿದೆ.

ಶುರುವಿನಲ್ಲಿ ಲೆಕ್ಕದ ಅರ್ಧದಷ್ಟೇ ಹಾಕಿ. ಮೂರು ದಿನ ಅಳೆದು ನೋಡಿ, ಆಮೇಲೆ ಹೆಚ್ಚಿಸಿ. ಹವಳ ಬೆಳೆದಂತೆ ಅದರ ಹಸಿವೂ ಬೆಳೆಯುತ್ತದೆ, ಹಾಗಾಗಿ ಇಂದಿನ ಲೆಕ್ಕ ಆರು ತಿಂಗಳ ನಂತರ ಸಾಲದು.

ಎರಡು ಪ್ರಶ್ನೆಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ತೊಟ್ಟಿಗೆ ಜೋಡಿಸುವ ಪ್ರತಿಯೊಂದು ಯಂತ್ರದ ಮುಂದೆಯೂ ಎರಡು ಪ್ರಶ್ನೆಗಳನ್ನು ಕೇಳಬೇಕು. ಇದು ನಿಂತುಹೋದರೆ ಏನಾಗುತ್ತದೆ? ಇದು ನಿಲ್ಲದೇ ಹೋದರೆ ಏನಾಗುತ್ತದೆ? ಹೆಚ್ಚಿನವರು ಮೊದಲನೆಯದನ್ನಷ್ಟೇ ಕೇಳುತ್ತಾರೆ. ಅಪಾಯ ಹೆಚ್ಚಿರುವುದು ಎರಡನೆಯದರಲ್ಲಿ.

ನಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸೋಡಾದ ಪಂಪು ನಿಂತರೆ ದಿನಕ್ಕೆ ಅರ್ಧ ಡಿಕೆಎಚ್ ಇಳಿಯುತ್ತದೆ. ಎರಡು ಮೂರು ದಿನಗಳೊಳಗೆ ನೀವು ಅಳೆಯುತ್ತೀರಿ, ಕಂಡುಹಿಡಿಯುತ್ತೀರಿ, ಸರಿಪಡಿಸುತ್ತೀರಿ. ಆದರೆ ಪಂಪು ನಿಲ್ಲದೆ ಓಡಿದರೆ? ಬಾಟಲಿಯಲ್ಲಿರುವುದೆಲ್ಲವೂ ಕೆಲವೇ ಗಂಟೆಗಳಲ್ಲಿ ತೊಟ್ಟಿಗೆ ಹೋಗುತ್ತದೆ. ಎರಡು ಲೀಟರ್ ಬಾಟಲಿ ತುಂಬಿಸಿ ಇಟ್ಟಿದ್ದರೆ ಅದರಲ್ಲಿ 120 ಗ್ರಾಂ ಸೋಡಾ ಇದೆ. ಅದು 200 ಲೀಟರಿನ ತೊಟ್ಟಿಯಲ್ಲಿ 20 ಡಿಕೆಎಚ್ ಏರಿಸುವಷ್ಟು. ನೀರು ಹಾಲಿನಂತೆ ಬೆಳ್ಳಗಾಗಿ, ವರ್ಷಗಟ್ಟಲೆ ಬೆಳೆಸಿದ ಹವಳಗಳು ಸತ್ತುಹೋಗುತ್ತವೆ.

ಇದಕ್ಕೆ ಪರಿಹಾರ ದುಬಾರಿಯಾದ ಇನ್ನೊಂದು ಯಂತ್ರವಲ್ಲ, ಸಣ್ಣ ಬಾಟಲಿ. ವಾರಕ್ಕೆ ಬೇಕಾದ 350 ಮಿಲಿಲೀಟರ್ ಮಾತ್ರ ತುಂಬಿಸಿಟ್ಟರೆ ಅದರಲ್ಲಿರುವುದು 21 ಗ್ರಾಂ. ಅಷ್ಟೂ ಒಮ್ಮೆಗೇ ಸುರಿದರೂ ಏರುವುದು ಮೂರೂವರೆ ಡಿಕೆಎಚ್. ಅದೂ ಒಳ್ಳೆಯದಲ್ಲ, ಆದರೆ ತೊಟ್ಟಿಯನ್ನು ಉಳಿಸಿಕೊಳ್ಳಬಹುದು. ಪಂಪು ದಿನಕ್ಕೆ ಇಷ್ಟು ಹೊತ್ತಿಗಿಂತ ಹೆಚ್ಚು ಓಡಬಾರದು ಎಂಬ ಮಿತಿಯನ್ನು ಯಂತ್ರದಲ್ಲಿ ಹಾಕುವ ಸೌಲಭ್ಯವಿದ್ದರೆ ಅದನ್ನೂ ಹಾಕಿಡಿ.

ಆವಿಯಾಗುವ ನೀರು

ತೊಟ್ಟಿಯಿಂದ ಆವಿಯಾಗುವುದು ಸಿಹಿನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಎಸಿ ಇರುವ ಕೋಣೆಯ ಗಾಳಿ ಒಣಗಿರುವುದರಿಂದ ನೀರು ಬೇಗ ಆರುತ್ತದೆ. ದಿನಕ್ಕೆ 3 ಲೀಟರ್ ಆರಿದರೆ ಒಂದು ವಾರದಲ್ಲಿ 21 ಲೀಟರ್ ಹೋಯಿತು. ಉಪ್ಪಿನ ಪ್ರಮಾಣ 35ರಿಂದ 39ಕ್ಕೆ ಏರಿತು. ಆದ್ದರಿಂದ ಡೋಸಿಂಗ್‌ಗಿಂತಲೂ ಮೊದಲು ಬೇಕಾದದ್ದು ಕಡಿಮೆಯಾದ ನೀರನ್ನು ತಾನಾಗಿಯೇ ತುಂಬಿಸುವ ವ್ಯವಸ್ಥೆ.

ಇದರ ವಿಧಾನ ನಮ್ಮ ಮನೆಯ ಟೆರೇಸಿನ ಟ್ಯಾಂಕಿನದ್ದೇ. ನೀರಿನ ಮಟ್ಟ ಇಳಿದಾಗ ಫ್ಲೋಟ್ ಸ್ವಿಚ್ ಇಳಿದು ಸಣ್ಣ ಪಂಪು ಚಾಲೂ ಆಗುತ್ತದೆ, ಮಟ್ಟ ಏರಿದಾಗ ನಿಲ್ಲುತ್ತದೆ. ನಿಲ್ಲದೇ ಹೋದರೆ? ಫ್ಲೋಟಿನಲ್ಲಿ ಉಪ್ಪು ಕಟ್ಟಿಕೊಂಡರೆ ಅಥವಾ ಒಂದು ಸಣ್ಣ ಬಸವನಹುಳು ಹತ್ತಿ ಕುಳಿತರೆ ಅಷ್ಟೇ ಸಾಕು, ಅದು ಸಿಕ್ಕಿಕೊಳ್ಳುತ್ತದೆ. ಅದಕ್ಕಾಗಿ ಸ್ವಲ್ಪ ಮೇಲೆ ಎರಡನೆಯ ಫ್ಲೋಟ್ ಇರಬೇಕು. ತುಂಬಿಸುವ ನೀರನ್ನು ನಲ್ಲಿಗೆ ನೇರವಾಗಿ ಜೋಡಿಸದೆ 20 ಲೀಟರಿನ ಕ್ಯಾನ್‌ನಲ್ಲಿ ಇಡಬೇಕು. ಆ ಕ್ಯಾನ್ ಪೂರ್ತಿ ಖಾಲಿಯಾದರೂ ಉಪ್ಪು 35ರಿಂದ 32ರ ಹತ್ತಿರಕ್ಕಷ್ಟೇ ಇಳಿಯುತ್ತದೆ. ನಲ್ಲಿಗೆ ಜೋಡಿಸಿದ್ದರೆ ಕೆಳಗಿನ ಫ್ಲ್ಯಾಟಿನವರು ಬಂದು ಬಾಗಿಲು ಬಡಿಯುವವರೆಗೆ ಗೊತ್ತಾಗುವುದಿಲ್ಲ. ತೊಟ್ಟಿಯ ಕೆಳಗೆ ಫಿಲ್ಟರ್ ಇರುವ ಸಣ್ಣ ತೊಟ್ಟಿ ಇದ್ದರೆ, ಈ 20 ಲೀಟರ್ ಮತ್ತು ಮೋಟಾರು ನಿಂತಾಗ ಮೇಲಿನಿಂದ ಇಳಿಯುವ ನೀರು ಎರಡೂ ಅದರಲ್ಲಿ ಹಿಡಿಯುವಂತಿರಬೇಕು.

ಕೊಲ್ಲಿ ದೇಶಗಳಲ್ಲಿ ನಲ್ಲಿಯ ನೀರು ಬಹುತೇಕ ಸಮುದ್ರದ ನೀರನ್ನೇ ಶುದ್ಧೀಕರಿಸಿದ್ದು. ಆದರೂ ಅದರಲ್ಲಿ ಕ್ಲೋರಿನ್ ಇರುತ್ತದೆ, ಕೊಳವೆಯ ಲೋಹದ ಅಂಶವೂ ಸೇರಬಹುದು. ಆರ್‌ಒ ಫಿಲ್ಟರ್ ಮಾಡಿದ ನೀರನ್ನೇ ಉಪಯೋಗಿಸಿ.

ಉಷ್ಣತೆ ಮತ್ತು ಕರೆಂಟು

ಹವಳಕ್ಕೆ 24ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಹೀಟರ್ ನಿಂತರೆ ಎಸಿಯ ಕೋಣೆಯಲ್ಲಿ ನೀರು ನಿಧಾನವಾಗಿ ತಣ್ಣಗಾಗುತ್ತದೆ. ನಿಲ್ಲದಿದ್ದರೆ ತೊಟ್ಟಿ ಸಾರಿನ ಪಾತ್ರೆಯಾಗುತ್ತದೆ. ಒಂದು ದೊಡ್ಡ ಹೀಟರಿನ ಬದಲು ಎರಡು ಸಣ್ಣವನ್ನು ಹಾಕಿ. ಒಂದು ಕೆಟ್ಟು ಸದಾ ಉರಿದರೂ ನೀರನ್ನು ಕಾಯಿಸುವಷ್ಟು ಶಕ್ತಿ ಅದಕ್ಕಿರುವುದಿಲ್ಲ. ಒಂದು ಸತ್ತರೂ ಇನ್ನೊಂದು ಇರುತ್ತದೆ. ಅವುಗಳ ಮೇಲೆ ಬೇರೆಯೇ ಒಂದು ಉಷ್ಣತಾ ನಿಯಂತ್ರಕ ಇರಲಿ.

ಕೊಲ್ಲಿಯ ಬೇಸಿಗೆಯಲ್ಲಿ ನಿಜವಾದ ಭಯ ತಂಪಿನದ್ದಲ್ಲ, ಬಿಸಿಯದ್ದು. ನೀರನ್ನು ತಂಪು ಮಾಡುವ ಚಿಲ್ಲರ್ ಇದೆ ಎಂದು ನಿಶ್ಚಿಂತರಾಗಬೇಡಿ. ಅದು ನೀರಿನಿಂದ ತೆಗೆದ ಬಿಸಿಯನ್ನು ಅದೇ ಕೋಣೆಗೆ ಬಿಡುತ್ತದೆ. ಕೋಣೆಯ ಎಸಿ ಆರಿಸಿದರೆ ಚಿಲ್ಲರ್ ಕೂಡಾ ಸೋಲುತ್ತದೆ.

ಕರೆಂಟು ಹೋದಾಗ ಮೊದಲು ಬರುವ ಸಂಕಟ ಉಸಿರಿನದ್ದು. ನೀರಿನ ಓಡಾಟ ನಿಂತರೆ ಅದರಲ್ಲಿ ಆಮ್ಲಜನಕ ಇಳಿಯುತ್ತದೆ. ಕರೆಂಟು ಹೋದ ಕೂಡಲೇ ತಾನಾಗಿ ಚಾಲೂ ಆಗುವ ಬ್ಯಾಟರಿಯ ಗಾಳಿ ಪಂಪು ಸಿಗುತ್ತದೆ. ಅದರ ಬೆಲೆ ಯಾವ ದೊಡ್ಡ ನಿಯಂತ್ರಕದ ಬೆಲೆಗೂ ಸಾಟಿಯಲ್ಲ, ಆದರೆ ಉಳಿಸುವ ಜೀವಗಳು ಹೆಚ್ಚು.

ಅಳೆಯುವ ಯಂತ್ರಗಳು

ಇಷ್ಟೆಲ್ಲ ಆದ ಮೇಲೆ ಅಳೆಯುವ, ಸಂದೇಶ ಕಳಿಸುವ ಯಂತ್ರದ ಮಾತು. ನೆಪ್ಚೂನ್ ಕಂಪೆನಿಯ ಏಪೆಕ್ಸ್, ಜರ್ಮನಿಯ ಜಿಎಚ್‌ಎಲ್ ಕಂಪೆನಿಯ ಪ್ರಾಫಿಲಕ್ಸ್ ಇಂತಹ ನಿಯಂತ್ರಕಗಳು. ನೆಪ್ಚೂನ್‌ನ ಟ್ರೈಡೆಂಟ್ ಎಂಬ ಯಂತ್ರ ಆಲ್ಕಲಿನಿಟಿ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರನ್ನೂ ತಾನೇ ಪರೀಕ್ಷಿಸುತ್ತದೆ. ಕಂಪ್ಯೂಟರ್ ಓದುತ್ತಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ರೀಫ್-ಪೈ ಎಂಬ ಉಚಿತ ತಂತ್ರಾಂಶ ಹಾಕಿ ಸ್ವತಃ ಜೋಡಿಸಿಕೊಳ್ಳುವ ದಾರಿಯೂ ಇದೆ.

ಯಾವುದನ್ನೇ ಕೊಂಡರೂ ಅದರ ಅಳತೆಯ ಕಡ್ಡಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಪಿಎಚ್ ಅಳೆಯುವ ಕಡ್ಡಿ ದಿನ ಕಳೆದಂತೆ ತಪ್ಪು ಹೇಳತೊಡಗುತ್ತದೆ. ಅದನ್ನು 7 ಮತ್ತು 10ರ ದ್ರಾವಣಗಳಲ್ಲಿ ಅದ್ದಿ ಆಗಾಗ ಸರಿಪಡಿಸಬೇಕು. ಪಿಎಚ್ ಏರಿಳಿಯಲು ಹವಳವೇ ಕಾರಣವೆಂದೂ ಅಲ್ಲ. ಕಿಟಕಿ ಮುಚ್ಚಿದ ಫ್ಲ್ಯಾಟಿನಲ್ಲಿ ಹತ್ತು ಮಂದಿ ನೆಂಟರು ಕುಳಿತರೆ ಅವರ ಉಸಿರಿನ ಇಂಗಾಲದ ಡೈ ಆಕ್ಸೈಡ್‌ನಿಂದಲೇ ತೊಟ್ಟಿಯ ಪಿಎಚ್ ಇಳಿಯುತ್ತದೆ. ಅದಕ್ಕೆ ಮದ್ದು ಸೋಡಾ ಅಲ್ಲ, ಕಿಟಕಿ ತೆರೆಯುವುದು. ಹಾಗಾಗಿ ಪಿಎಚ್ ನೋಡಿ ಸೋಡಾ ಹಾಕುವಂತೆ ಯಂತ್ರಕ್ಕೆ ಅಪ್ಪಣೆ ಕೊಡಬೇಡಿ.

ಇನ್ನೊಂದು ವಿಷಯ ಯಂತ್ರ ತಾನಾಗಿ ಹೇಳುವುದಿಲ್ಲ. ದಿನವೂ ಅಷ್ಟೇ ಸೋಡಾ ಹೋಗುತ್ತಿದ್ದರೂ ಆಲ್ಕಲಿನಿಟಿ ನಿಧಾನವಾಗಿ ಏರುತ್ತಿದೆ ಎಂದರೆ ಅರ್ಥವೇನು? ಹವಳ ಉಣ್ಣುವುದನ್ನು ಕಡಿಮೆ ಮಾಡಿದೆ ಎಂದು. ಅದಕ್ಕೆ ಏನೋ ಸೌಖ್ಯವಿಲ್ಲ. ಪಂಪಿಗೆ ಇದು ತಿಳಿಯದು, ಅದು ಬಡಿಸುತ್ತಲೇ ಇರುತ್ತದೆ. ತಟ್ಟೆಯಲ್ಲಿ ಅನ್ನ ಉಳಿಸಿದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯಂತೆ ನೋಡಬೇಕಾದವರು ನೀವು. ಹವಳದ ಬಣ್ಣ, ಪಾಲಿಪ್‌ಗಳು ಅರಳಿವೆಯೋ ಮುದುಡಿವೆಯೋ ಎಂಬುದನ್ನು ದಿನಕ್ಕೊಮ್ಮೆ ಗಮನಿಸಿ.

ಮಕ್ಕಳಿರುವ ಮನೆ

ಉಪ್ಪುನೀರು ಮತ್ತು ಕರೆಂಟು ಪರಸ್ಪರ ವೈರಿಗಳು. ಪ್ಲಗ್ ಪಾಯಿಂಟ್‌ಗಳು ತೊಟ್ಟಿಯ ಕೆಳಗೆ ನೆಲದಲ್ಲಿ ಬೇಡ, ಪಕ್ಕದ ಗೋಡೆಯಲ್ಲಿ ಮೇಲೆ ಇರಲಿ. ಪ್ರತಿಯೊಂದು ವಯರನ್ನೂ ಸಾಕೆಟ್‌ಗಿಂತ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ಆಗ ವಯರಿನಲ್ಲಿ ಹರಿದ ನೀರು ಸಾಕೆಟ್ ಸೇರದೆ ಕೆಳಗೆ ತೊಟ್ಟಿಕ್ಕುತ್ತದೆ. ಕರೆಂಟು ಸೋರಿದ ಕೂಡಲೇ ಅದನ್ನು ಕಡಿಯುವ ಇಎಲ್‌ಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿ. ತೊಟ್ಟಿಗೆ ಕೈ ಹಾಕುವ ಮುನ್ನ ಹೀಟರ್, ಪಂಪುಗಳ ಸ್ವಿಚ್ ಆರಿಸಿ.

ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹಾಕಿದಾಗ ಬಿಸಿಯಾಗುತ್ತದೆ. ಪುಡಿಗೆ ನೀರು ಸುರಿಯಬೇಡಿ, ನೀರಿಗೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕೆಲವರು ಇವೆರಡರ ಬದಲು ಸುಣ್ಣದ ತಿಳಿನೀರನ್ನು ಹಾಕುತ್ತಾರೆ. ಹವ್ಯಾಸಿಗಳು ಕರೆಯುವ ಕಾಲ್ಕ್‌ವಾಸರ್ ಎಂಬ ಜರ್ಮನ್ ಹೆಸರಿಗೆ ಅರ್ಥ ಸುಣ್ಣದ ನೀರು ಎಂದೇ. ಅದು ಕಣ್ಣಿಗೆ ಬಿದ್ದರೆ ಎಷ್ಟು ಅಪಾಯವೆಂದು ವೀಳ್ಯದೆಲೆಯ ಸುಣ್ಣದ ಡಬ್ಬಿ ಕಂಡ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಇವೆಲ್ಲವನ್ನೂ ಹೆಸರು ಬರೆದು, ಬೀಗ ಹಾಕಿದ ಕಪಾಟಿನಲ್ಲಿಡಿ. ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ ಎಂದಿಗೂ ತುಂಬಿಸಬೇಡಿ.

ರಜೆಗೆ ಊರಿಗೆ ಹೋಗುವಾಗ

ಜುಲೈ, ಆಗಸ್ಟ್‌ನಲ್ಲಿ ಶಾಲೆಗೆ ರಜೆ. ಕುಟುಂಬ ಊರಿಗೆ ಹೊರಡುತ್ತದೆ. ಕೊಲ್ಲಿಯಲ್ಲಿ ಬಿಸಿಲು ಅತಿ ಹೆಚ್ಚಿರುವುದೂ ಆಗಲೇ. ಹೊರಡುವಾಗ ಎಸಿ ಆರಿಸಿ, ಇಂಟರ್‌ನೆಟ್ ಮೋಡೆಮ್ ತೆಗೆದು, ಮೈನ್ ಸ್ವಿಚ್ ಕೆಳಗೆ ಮಾಡುವುದು ವಾಡಿಕೆ. ತೊಟ್ಟಿ ಇರುವ ಮನೆಯಲ್ಲಿ ಈ ಮೂರರಲ್ಲಿ ಒಂದನ್ನೂ ಮಾಡುವಂತಿಲ್ಲ. ಮೋಡೆಮ್ ನಿಂತರೆ ಎಚ್ಚರಿಕೆಯ ಸಂದೇಶವೇ ಬರುವುದಿಲ್ಲ. ಸಂದೇಶ ಬಂದಿಲ್ಲ, ಆದ್ದರಿಂದ ಎಲ್ಲ ಚೆನ್ನಾಗಿದೆ ಎಂದು ತಿಳಿಯುವುದು ತಪ್ಪು. ಯಂತ್ರದ ಜೊತೆ ಸಂಪರ್ಕ ಕಡಿದರೆ ಅದನ್ನೂ ತಿಳಿಸುವ ವ್ಯವಸ್ಥೆ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಸಂದೇಶ ಬಂದರೂ ಮಂಗಳೂರಿನಲ್ಲೋ ಭಟ್ಕಳದಲ್ಲೋ ಕುಳಿತು ನೀವು ಮಾಡುವುದೇನು? ಆದ್ದರಿಂದ ಎಷ್ಟೇ ಯಂತ್ರಗಳಿದ್ದರೂ ಬೀಗದ ಕೈ ಇರುವ ಒಬ್ಬ ವ್ಯಕ್ತಿ ಬೇಕು. ಪಕ್ಕದ ಫ್ಲ್ಯಾಟಿನವರೋ ಪತಿಯ ಸ್ನೇಹಿತರೋ ಯಾರಾದರೂ ಆಗಬಹುದು. ವಾರಕ್ಕೆ ಎರಡು ಬಾರಿ ಅವರು ಬಂದು ನೀರಿನ ಕ್ಯಾನ್ ತುಂಬಿಸಬೇಕು, ವಾರಕ್ಕೊಮ್ಮೆ ನೀವು ಮೊದಲೇ ತಯಾರಿಸಿ ಹೆಸರು ಬರೆದಿಟ್ಟ 350 ಮಿಲಿಲೀಟರಿನ ಬಾಟಲಿಗಳನ್ನು ಬದಲಿಸಬೇಕು. ಮೀನಿನ ಆಹಾರವನ್ನು ದಿನಕ್ಕೊಂದು ಪೊಟ್ಟಣದಂತೆ ಕಟ್ಟಿಡಿ. ಪ್ರೀತಿಯಿಂದ ಹೆಚ್ಚು ಹಾಕಿ ನೀರು ಕೆಡಿಸುವವರೇ ಹೆಚ್ಚು. ಒಂದೇ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ಏನಾದರೆ ಏನು ಮಾಡಬೇಕೆಂದು ಬರೆದು ತೊಟ್ಟಿಯ ಬದಿಗೆ ಅಂಟಿಸಿ. ಹೊರಡುವ ಹದಿನೈದು ದಿನಗಳ ಹಿಂದಿನಿಂದ ಯಾವುದೇ ಹೊಸ ಯಂತ್ರ, ಹೊಸ ಹವಳ, ಹೊಸ ಮೀನು ಬೇಡ. ನೀವು ಮನೆಯಲ್ಲಿರುವಾಗಲೇ ಒಂದು ವಾರ ತೊಟ್ಟಿಗೆ ಕೈ ಹಾಕದೆ, ಎಲ್ಲವನ್ನೂ ಯಂತ್ರಕ್ಕೂ ಆ ವ್ಯಕ್ತಿಗೂ ಬಿಟ್ಟು ನೋಡಿ. ಲೋಪವಿದ್ದರೆ ಆಗಲೇ ಗೊತ್ತಾಗುತ್ತದೆ.

ಊರಿಗೆ ತರುವ ಆಸೆ ಬೇಡ

ಕೊಲ್ಲಿಯ ಕೆಲಸ ಬಿಟ್ಟು ಖಾಯಂ ಆಗಿ ಊರಿಗೆ ಮರಳುವವರು ಹವಳವನ್ನೂ ತರಬಹುದೇ ಎಂದು ಕೇಳುತ್ತಾರೆ. ಗಟ್ಟಿ ಹವಳಗಳು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಪರವಾನಗಿ ಇಲ್ಲದೆ ಗಡಿ ದಾಟಿಸುವಂತಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿ ಇರುವ ಅದೇ ಪಟ್ಟಿಗೆ, 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನೂ ಸೇರಿಸಲಾಯಿತು. ಲಕ್ಷದ್ವೀಪವಿರಲಿ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವಿರಲಿ, ಅಲ್ಲಿಂದ ಹವಳದ ಒಂದು ತುಂಡು ತರುವುದೂ ಅಪರಾಧ. 2022ರ ತಿದ್ದುಪಡಿಯ ನಂತರ, 2023ರ ಏಪ್ರಿಲ್ 1ರಿಂದ, ಸೈಟಿಸ್ ಪಟ್ಟಿಯ ಜೀವಿಗಳನ್ನು ಇಟ್ಟುಕೊಳ್ಳುವುದಕ್ಕೂ ನಿಯಮಗಳಿವೆ. ಆದ್ದರಿಂದ ನೀವು ಮರಳುವ ದಿನ ಆ ತೊಟ್ಟಿ ಯಾರ ಮನೆಗೆ ಹೋಗಬೇಕೆಂಬುದು ಕೂಡಾ ನಿಮ್ಮ ಯೋಜನೆಯಲ್ಲಿ ಇರಲಿ. ಮಾರುವ ಅಂಗಡಿ ಮರಳಿ ಪಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಯಾವುದು ಮೊದಲು?

ಒಮ್ಮೆಗೇ ಎಲ್ಲವನ್ನೂ ಕೊಳ್ಳಬೇಡಿ. ಮೊದಲು ಪರೀಕ್ಷಾ ಕಿಟ್, ಉಪ್ಪು ಅಳೆಯುವ ಸಾಧನ, ಒಂದು ನೋಟ್‌ಪುಸ್ತಕ. ನಂತರ ನೀರು ತುಂಬಿಸುವ ಫ್ಲೋಟ್ ವ್ಯವಸ್ಥೆ. ಅದರ ನಂತರ ಉಷ್ಣತಾ ನಿಯಂತ್ರಕ ಮತ್ತು ಬ್ಯಾಟರಿಯ ಗಾಳಿ ಪಂಪು. ಹವಳದ ಹಸಿವು ಎಷ್ಟೆಂದು ತಿಳಿದ ಮೇಲೆ ಡೋಸಿಂಗ್ ಪಂಪುಗಳು. ಮೊಬೈಲಿಗೆ ಸಂದೇಶ ಕಳಿಸುವ ನಿಯಂತ್ರಕ ಆಮೇಲೆ. ತಾನೇ ಪರೀಕ್ಷೆ ಮಾಡುವ ದುಬಾರಿ ಯಂತ್ರ ಕಟ್ಟಕಡೆಗೆ, ಅದೂ ಅಗತ್ಯವಿದ್ದರೆ. ಒಂದೊಂದನ್ನು ಜೋಡಿಸಿದ ಮೇಲೂ ಕೆಲವು ವಾರ ಬಿಟ್ಟು ಮುಂದಿನದಕ್ಕೆ ಹೋಗಿ. ಪ್ರತಿಸಲವೂ ಆ ಎರಡು ಪ್ರಶ್ನೆಗಳನ್ನು ಕೇಳಲು ಮರೆಯದಿರಿ.

ಸಮುದ್ರದಲ್ಲಿ ತಮ್ಮಷ್ಟಕ್ಕೆ ಬಾಳಬಲ್ಲ ಜೀವಿಗಳನ್ನು ನಾವು ಗಾಜಿನೊಳಗೆ ತಂದಿಟ್ಟಿದ್ದೇವೆ. ಅವುಗಳಿಗೆ ಹಸಿವಾದರೆ ಕೂಗಲು ಬಾಯಿಲ್ಲ, ಬಿಸಿಯಾದರೆ ಓಡಲು ಕಾಲಿಲ್ಲ. ಯಂತ್ರ ನಿಮ್ಮ ಕೆಲಸವನ್ನು ಹಗುರ ಮಾಡೀತು, ಹೊಣೆಯನ್ನಲ್ಲ. ಅಷ್ಟು ಸಮಯವೂ ಮನಸ್ಸೂ ಈಗ ಇಲ್ಲವೆಂದಾದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಊರಿನ ದೊಡ್ಡ ಸಾರ್ವಜನಿಕ ಅಕ್ವೇರಿಯಂ ತೋರಿಸಿ ಬನ್ನಿ. ಅದರಿಂದ ಹವಳಕ್ಕೂ ಕ್ಷೇಮ, ನಿಮಗೂ ನೆಮ್ಮದಿ.